ತೂಕದ ಗುಂಡು ಮತ್ತು ಬುಗುರಿ

ಕಟ್ಟುತ್ತಿರುವ ಗೋಡೆ ನೆಟ್ಟಗಿದೆಯೋ ಓರೆಯಾಗಿದೆಯೋ ಎಂದು ತಿಳಿಯಲು ನಮ್ಮ ಗಾರೆ ಕೆಲಸದವರು ಬಳಸುವ ಸಾಧನಕ್ಕಿಂತ ಸರಳವಾದುದು ಮತ್ತೊಂದಿಲ್ಲ. ಒಂದು ದಾರ, ಅದರ ತುದಿಗೆ ಹಿತ್ತಾಳೆಯದೋ ಕಬ್ಬಿಣದ್ದೋ ಒಂದು ಗುಂಡು. ದಾರವನ್ನು ಹಿಡಿದು ಗುಂಡನ್ನು ಇಳಿಬಿಟ್ಟರೆ ಅದು ನಾಲ್ಕಾರು ಸಲ ತೂಗಾಡಿ, ಸುಸ್ತಾದಂತೆ ನಿಂತು, ಯಾವುದು ಕೆಳಗೆ ಎಂಬುದನ್ನು ಯಾವ ಸಡಗರವೂ ಇಲ್ಲದೆ ತೋರಿಸುತ್ತದೆ. ಪ್ರಾಚೀನ ಈಜಿಪ್ಟಿನ ಕಟ್ಟಡಗಾರರ ಕೈಯಲ್ಲೂ ಇದ್ದದ್ದು ಇದೇ ಗುಂಡು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ತೆವೆನೊ ಎಂಬಾತ ಗಾಜಿನ ನಳಿಕೆಯೊಳಗೆ ದ್ರವವನ್ನೂ ಒಂದು ಗಾಳಿಗುಳ್ಳೆಯನ್ನೂ ಕೂಡಿಹಾಕಿ ಮಾಡಿದ ರಸಮಟ್ಟವೂ ಈ ಗುಂಡಿನ ದಾಯಾದಿಯೇ. ಗುಂಡು ಕೆಳಗನ್ನು ಹೇಳುತ್ತದೆ, ಗುಳ್ಳೆ ಮೇಲನ್ನು ಹೇಳುತ್ತದೆ. ಇಬ್ಬರ ಗುರುವೂ ಒಬ್ಬನೇ, ಭೂಮಿಯ ಗುರುತ್ವ.

ನಿಂತಿರುವ ವಸ್ತುವಿನ ಓರೆಯನ್ನು ಅಳೆಯುವುದು ಹೀಗೆ ಬಹು ಹಿಂದೆಯೇ ಮನುಷ್ಯನಿಗೆ ಸಿದ್ಧಿಸಿತು. ಆದರೆ ವಸ್ತು ಚಲಿಸುತ್ತಿದ್ದರೆ? ಹಡಗು ಅಲೆಯ ಮೇಲೆ ಹೊರಳುತ್ತಿರುವಾಗ, ವಿಮಾನ ಮೋಡದೊಳಗೆ ತಿರುಗುತ್ತಿರುವಾಗ, ಅದು ಎಷ್ಟು ವಾಲಿದೆ ಎಂದು ಹೇಳುವವರು ಯಾರು? ಕೇಳಲು ಸಣ್ಣದಾಗಿ ತೋರುವ ಈ ಪ್ರಶ್ನೆಗೆ ನಂಬತಕ್ಕ ಉತ್ತರ ದೊರೆಯಲು ಸುಮಾರು ಇನ್ನೂರು ವರ್ಷ ಹಿಡಿಯಿತು. ಉತ್ತರ ದೊರೆಯುವ ಮೊದಲೂ, ದೊರೆತ ಮೇಲೂ, ಅನೇಕರ ಪ್ರಾಣ ಹೋಯಿತು. ಆ ಕಥೆಯನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಗುಂಡಿನ ಪ್ರಾಮಾಣಿಕತೆಯನ್ನೇ ಸ್ವಲ್ಪ ಪರೀಕ್ಷಿಸೋಣ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದ. ಎರಡು ವರ್ಷಗಳ ಅನಂತರ, 1802ರಲ್ಲಿ, ಮದರಾಸಿನಲ್ಲಿ ಇನ್ನೊಂದು ರೇಖೆಯನ್ನು ಅಳೆದು, ಅಲ್ಲಿಂದ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯನ್ನು ಆರಂಭಿಸಿದ. ಅವನ ನಂತರ ಜಾರ್ಜ್ ಎವರೆಸ್ಟ್ ಆ ತ್ರಿಕೋನಗಳ ಸರಣಿಯನ್ನು ಉತ್ತರಕ್ಕೆ, ಹಿಮಾಲಯದ ಬುಡದತ್ತ ಒಯ್ದ. ಎರಡು ಊರುಗಳ ನಡುವಣ ಅಂತರವನ್ನು ಅವರು ಎರಡು ಬಗೆಯಲ್ಲಿ ಕಂಡುಹಿಡಿಯುತ್ತಿದ್ದರು. ಒಂದು, ನೆಲದ ಮೇಲೆ ತ್ರಿಕೋನಗಳನ್ನು ಹೆಣೆದು. ಇನ್ನೊಂದು, ಆಯಾ ಊರಿನಲ್ಲಿ ನಿಂತು ನಕ್ಷತ್ರಗಳ ಎತ್ತರವನ್ನು ನೋಡಿ. ಈ ಎರಡನೆಯ ಬಗೆಗೆ ನೆತ್ತಿಯ ಮೇಲಿನ ಬಿಂದು ಯಾವುದೆಂದು ಮೊದಲು ತಿಳಿಯಬೇಕು. ಅದನ್ನು ತಿಳಿಸುವುದು ತೂಕದ ಗುಂಡು. ಉತ್ತರ ಪ್ರದೇಶದ ಕಲಿಯಾನಕ್ಕೂ ಮಧ್ಯ ಪ್ರದೇಶದ ಕಲಿಯಾನ್‌ಪುರಕ್ಕೂ ನಡುವೆ ಈ ಎರಡು ಲೆಕ್ಕಗಳು ಕೂಡಿಬರಲಿಲ್ಲ. ವ್ಯತ್ಯಾಸವೇನೂ ಹೆಚ್ಚಿನದಲ್ಲ: ಕೋನದ ಅಳತೆಯಲ್ಲಿ 5.236 ಸೆಕೆಂಡು, ಎಂದರೆ ಒಂದು ಡಿಗ್ರಿಯ ಸುಮಾರು ಏಳುನೂರರಲ್ಲಿ ಒಂದು ಪಾಲು. ನೆಲದ ಮೇಲೆ ಅದು ಸುಮಾರು 160 ಮೀಟರ್ ಆಯಿತು.

ಇದರ ಕಾರಣವನ್ನು ಹುಡುಕಲು ಹೊರಟವನು ಕಲ್ಕತ್ತೆಯಲ್ಲಿದ್ದ ಕ್ರೈಸ್ತ ಧರ್ಮಾಧಿಕಾರಿ, ಗಣಿತಜ್ಞನೂ ಆದ ಜಾನ್ ಪ್ರ್ಯಾಟ್. ಹಿಮಾಲಯದ ಅಗಾಧ ರಾಶಿ ಗುಂಡನ್ನು ತನ್ನ ಕಡೆಗೆ ಎಳೆಯುತ್ತಿರಬೇಕು ಎಂದು ಆತ ತರ್ಕಿಸಿ ಲೆಕ್ಕ ಹಾಕಿದ. ಲೆಕ್ಕದಲ್ಲಿ 5 ಸೆಕೆಂಡಿಗೆ ಬದಲು 15.885 ಸೆಕೆಂಡು ಬಂತು. ಪರ್ವತ ಎಳೆಯಬೇಕಾದಷ್ಟು ಎಳೆದಿಲ್ಲ! 1855ರಲ್ಲಿ ಜಾರ್ಜ್ ಏರಿ ಇದಕ್ಕೊಂದು ಸಮಾಧಾನ ಹೇಳಿದ: ಪರ್ವತಗಳ ಕೆಳಗೆ ಹಗುರವಾದ ಶಿಲೆಯ ಬೇರುಗಳು ಆಳಕ್ಕಿಳಿದಿವೆ, ನೀರಿನಲ್ಲಿ ತೇಲುವ ಮರದ ದಿಮ್ಮಿಯಂತೆ ಪರ್ವತಗಳು ತೇಲುತ್ತಿವೆ, ಎಂದು. ಭೂಮಿಯ ಹೊಟ್ಟೆಯೊಳಗಿನ ಈ ಸಂಗತಿ ಹೊರಬಿದ್ದದ್ದು ಎರಡು ಅಳತೆಗಳು ಒಂದಕ್ಕೊಂದು ಒಪ್ಪದೆ ಹೋದುದರಿಂದ ಎಂಬುದನ್ನು ನೆನಪಿನಲ್ಲಿಡಬೇಕು. ಒಂದೇ ಸಾಕ್ಷಿಯನ್ನು ನಂಬಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಪರ್ವತದ ಸೆಳೆತ ಹೇಗೂ ಕೂದಲೆಳೆಯಷ್ಟರದು. ಗಾರೆ ಕೆಲಸಕ್ಕೆ ಅದರಿಂದ ಕೇಡಿಲ್ಲ. ಗುಂಡನ್ನು ನಿಜವಾಗಿ ದಾರಿ ತಪ್ಪಿಸುವುದು ಚಲನೆ. ಬಸ್ಸು ಥಟ್ಟನೆ ಹೊರಟಾಗ ಮೇಲಿನ ಸರಳಿಗೆ ತೂಗುಹಾಕಿದ ಚೀಲ ಹಿಂದಕ್ಕೆ ಓಲುತ್ತದೆ. ಘಟ್ಟದ ತಿರುವಿನಲ್ಲಿ ಪಕ್ಕಕ್ಕೆ ಓಲುತ್ತದೆ. ಬಸ್ಸಿನ ಕಿಟಕಿಗಳನ್ನೆಲ್ಲ ಮುಚ್ಚಿ, ಒಳಗೆ ಕುಳಿತವನನ್ನು ಕೇಳಿದರೆ, ರಸ್ತೆ ಏರುತ್ತಿದೆಯೋ ಬಸ್ಸು ವೇಗ ಹೆಚ್ಚಿಸಿಕೊಳ್ಳುತ್ತಿದೆಯೋ ಎಂಬುದನ್ನು ಆ ಚೀಲವೊಂದನ್ನೇ ನೋಡಿ ಹೇಳಲು ಅವನಿಗೆ ಸಾಧ್ಯವಿಲ್ಲ. ಇದು ಅವನ ಬುದ್ಧಿಯ ಕೊರತೆಯಲ್ಲ, ಪ್ರಕೃತಿಯ ಕಟ್ಟಳೆ. 1907ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೆಲಸಕ್ಕಿದ್ದ ಐನ್‌ಸ್ಟೈನ್ ಈ ಕಟ್ಟಳೆಯ ಆಳವನ್ನು ಕಂಡ. ಗುರುತ್ವದ ಸೆಳೆತವನ್ನೂ ವೇಗೋತ್ಕರ್ಷದ ಸೆಳೆತವನ್ನೂ ಒಳಗಿದ್ದವನು ಬೇರ್ಪಡಿಸಲಾರ ಎಂಬ ಆ ಹೊಳಹಿನಿಂದಲೇ ಮುಂದೆ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತ ಬೆಳೆಯಿತು. ವಿಶ್ವದ ರಚನೆಯನ್ನು ಚಿಂತಿಸುವವನಿಗೆ ಅದೊಂದು ಬೆಳಕು. ಹಡಗನ್ನೋ ವಿಮಾನವನ್ನೋ ನಡೆಸುವವನಿಗೆ ಮಾತ್ರ ಅದೇ ಸಂಗತಿ ಒಂದು ಶಾಪ: ಚಲಿಸುವಾಗ ನಿನ್ನ ತೂಕದ ಗುಂಡನ್ನು ನಂಬಬೇಡ ಎಂಬುದೇ ಅದರ ಅರ್ಥ.

ಐನ್‌ಸ್ಟೈನನ ಮಾತಿಗೆ ಬಹು ಮುಂಚೆಯೇ ಸಮುದ್ರಯಾನಿಗಳಿಗೆ ಈ ಶಾಪದ ಅನುಭವವಾಗಿತ್ತು. ಸೂರ್ಯನ ಎತ್ತರವನ್ನು ಅಳೆದು ತಾವಿರುವ ಸ್ಥಳವನ್ನು ಅರಿಯಲು ಅವರಿಗೆ ಕ್ಷಿತಿಜದ ಗೆರೆ ಬೇಕು. ಮಂಜು ಕವಿದರೆ ಗೆರೆ ಮಾಯ. ಹೊರಳುವ ಹಡಗಿನಲ್ಲಿ ತೂಕದ ಗುಂಡು ಕುಡುಕನಂತೆ ಅತ್ತಿತ್ತ ಹೊಡೆದಾಡುತ್ತದೆ. 1743ರಲ್ಲಿ ಇಂಗ್ಲೆಂಡಿನ ನಾವಿಕ ಜಾನ್ ಸರ್ಸನ್ ಇದಕ್ಕೊಂದು ಉಪಾಯ ಹೂಡಿದ. ಬುಗುರಿ ಜೋರಾಗಿ ತಿರುಗುತ್ತಿರುವಾಗ ಅದನ್ನು ಇಟ್ಟ ಹಲಗೆಯನ್ನು ಓರೆ ಮಾಡಿದರೂ ಬುಗುರಿ ನೆಟ್ಟಗೇ ನಿಲ್ಲುತ್ತದೆ. ಇದನ್ನು ನಮ್ಮ ಹುಡುಗರೂ ಬಲ್ಲರು. ಬುಗುರಿಯ ತಲೆಯ ಮೇಲೆ ನಯಗೊಳಿಸಿದ ಕನ್ನಡಿಯನ್ನು ಕೂರಿಸಿ ತಿರುಗಿಸಿದರೆ, ಆ ಕನ್ನಡಿಯೇ ಮಟ್ಟಸವಾದ ಕ್ಷಿತಿಜವಾಗಬಲ್ಲದು ಎಂದು ಸರ್ಸನ್ ತೋರಿಸಿಕೊಟ್ಟ. ಮರುವರ್ಷ, 1744ರಲ್ಲಿ, ವಿಕ್ಟರಿ ಎಂಬ ಯುದ್ಧನೌಕೆ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿದಾಗ ಅದರೊಂದಿಗೆ ಆತನೂ ಮುಳುಗಿದ. ಕೃತಕ ಕ್ಷಿತಿಜದ ಮೊದಲ ಕನಸುಗಾರ ಸಮುದ್ರದ ಪಾಲಾದ.

ಬುಗುರಿಗೆ ವಿಜ್ಞಾನದಲ್ಲಿ ಗೌರವದ ಸ್ಥಾನ ಕೊಟ್ಟವನು ಫ್ರಾನ್ಸಿನ ಲಿಯೋನ್ ಫೂಕೋ. 1851ರಲ್ಲಿ ಉದ್ದನೆಯ ಲೋಲಕವನ್ನು ತೂಗಿಬಿಟ್ಟು ಭೂಮಿ ಸುತ್ತುತ್ತಿರುವುದನ್ನು ಪ್ಯಾರಿಸಿನ ಜನಕ್ಕೆ ಕಣ್ಣಾರೆ ತೋರಿಸಿದ್ದ ಆತ, ಮರುವರ್ಷ ಅದೇ ಸತ್ಯವನ್ನು ಇನ್ನೊಂದು ಬಗೆಯಲ್ಲಿ ತೋರಿಸಲು ಒಂದು ಚಕ್ರವನ್ನು ಬಳೆಯೊಳಗೊಂದು ಬಳೆಯಂತೆ ಜೋಡಿಸಿದ ಚೌಕಟ್ಟಿನಲ್ಲಿ ತೂಗಿಸಿ ತಿರುಗಿಸಿದ. ಸುತ್ತಣ ಚೌಕಟ್ಟು ಎತ್ತ ವಾಲಿದರೂ ಚಕ್ರದ ಅಚ್ಚು ತಾನು ಮೊದಲು ಹಿಡಿದ ದಿಕ್ಕನ್ನು ಬಿಡದು. ಈ ಯಂತ್ರಕ್ಕೆ ಗ್ರೀಕ್ ಮಾತುಗಳನ್ನು ಕೂಡಿಸಿ ಗೈರೋಸ್ಕೋಪ್ ಎಂದು ಹೆಸರಿಟ್ಟವನೂ ಆತನೇ. ತಿರುಗುವಿಕೆಯನ್ನು ಕಾಣಿಸುವುದು ಎಂದು ಅದರ ಅರ್ಥ. ಕೈಯಿಂದ ಗತಿ ಕೊಟ್ಟ ಆ ಚಕ್ರ ಕೆಲವೇ ನಿಮಿಷ ತಿರುಗಿ ನಿಂತುಬಿಡುತ್ತಿತ್ತು. ವಿದ್ಯುತ್ತಿನ ಮೋಟಾರು ಬಂದ ಮೇಲೆ ನಿಲ್ಲದ ಬುಗುರಿ ಸಾಧ್ಯವಾಯಿತು.

ಆದರೆ ಬುಗುರಿಗೂ ಒಂದು ಕೊರತೆ ಉಂಟು. ಅದಕ್ಕೆ ಕೆಳಗು ಯಾವುದೆಂದು ಗೊತ್ತಿಲ್ಲ. ಅದು ಕೊಟ್ಟ ದಿಕ್ಕನ್ನು ನೆನಪಿಟ್ಟುಕೊಳ್ಳುತ್ತದೆ, ಅಷ್ಟೆ. ಅಚ್ಚಿನ ತುದಿಯ ಅತಿಸಣ್ಣ ಉಜ್ಜಾಟ ಸಾಕು, ಆ ನೆನಪು ಸ್ವಲ್ಪಸ್ವಲ್ಪವಾಗಿ ಮಸುಕಾಗಲು. ಅಲ್ಲದೆ, ಬುಗುರಿ ತನ್ನ ದಿಕ್ಕನ್ನು ಬಿಡದೆ ಹಿಡಿದಿದ್ದರೂ ಅದರ ಕೆಳಗಿನ ಭೂಮಿಯೇ ಗಂಟೆಗೆ 15 ಡಿಗ್ರಿಯಂತೆ ತಿರುಗಿಹೋಗುತ್ತದೆ. ಬೆಳಿಗ್ಗೆ ನೆಟ್ಟಗಿದ್ದದ್ದು ಮಧ್ಯಾಹ್ನಕ್ಕೆ ನೆಟ್ಟಗಲ್ಲ. ಹೀಗೆ, ಗುಂಡಿಗೆ ತಿಳಿವಳಿಕೆ ಉಂಟು, ಸ್ಥೈರ್ಯವಿಲ್ಲ. ಬುಗುರಿಗೆ ಸ್ಥೈರ್ಯ ಉಂಟು, ತಿಳಿವಳಿಕೆಯಿಲ್ಲ. ಈ ಇಬ್ಬರನ್ನೂ ಕೂಡಿಸಬೇಕು ಎಂಬುದು ಇಂದು ನಮಗೆ ಸುಲಭವಾಗಿ ಹೊಳೆಯುತ್ತದೆ. ಪ್ರಕೃತಿಗೆ ಅದು ಎಂದೋ ಹೊಳೆದಿತ್ತು. ಅದು ಈ ಜೋಡಿಯನ್ನು ನಮ್ಮ ಕಿವಿಯಲ್ಲೇ ಬಚ್ಚಿಟ್ಟಿತ್ತು.

ಕಿವಿ ಕೇಳುವುದಕ್ಕಾಗಿ ಇದೆ ಎಂದೇ ಎಲ್ಲರ ನಂಬಿಕೆ. ಆದರೆ ಒಳಗಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ, ಒಳಗೆಲ್ಲ ದ್ರವ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಫ್ರಾನ್ಸಿನ ಫ್ಲೂರೆನ್ಸ್ ಎಂಬಾತ ಪಾರಿವಾಳಗಳ ಈ ನಾಳಗಳನ್ನು ಕತ್ತರಿಸಿ ನೋಡಿದ. ಹಕ್ಕಿಗಳು ಕಿವುಡಾಗುವ ಬದಲು ನೆಟ್ಟಗೆ ನಿಲ್ಲಲಾರದೆ ಸುತ್ತತೊಡಗಿದವು. 1870ರ ದಶಕದಲ್ಲಿ ಅರ್ನ್ಸ್ಟ್ ಮಾಕ್, ಯೋಸೆಫ್ ಬ್ರಾಯರ್, ಅಲೆಕ್ಸಾಂಡರ್ ಕ್ರಂ ಬ್ರೌನ್ ಎಂಬ ಮೂವರು ಬೇರೆಬೇರೆಯಾಗಿ ದುಡಿದು ಇದರ ಗುಟ್ಟನ್ನು ಬಿಡಿಸಿದರು. ತಲೆ ತಿರುಗಿದಾಗ ನಾಳದ ದ್ರವ ಹಿಂದೆ ಉಳಿಯುತ್ತದೆ. ಅಲ್ಲಿನ ಸೂಕ್ಷ್ಮ ರೋಮಗಳು ಬಾಗುತ್ತವೆ. ತಿರುಗಿದ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಪಕ್ಕದ ಎರಡು ಸಣ್ಣ ಚೀಲಗಳಲ್ಲಿ ಸುಣ್ಣದ ಹರಳುಗಳಿವೆ. ತಲೆ ಓಲಿದರೆ ಅವು ಜಗ್ಗುತ್ತವೆ. ಹರಳುಗಳೇ ನಮ್ಮ ತೂಕದ ಗುಂಡು, ನಾಳಗಳೇ ನಮ್ಮ ಬುಗುರಿ. ಮನೆಯೊಳಗೆ ಹಾರಾಡುವ ನೊಣವೂ ಈ ವಿದ್ಯೆಯಲ್ಲಿ ಕಡಮೆಯದಲ್ಲ. ಅದರ ರೆಕ್ಕೆಗಳ ಹಿಂದೆ ಡೋಲಿನ ಕಡ್ಡಿಯಂತಹ ಎರಡು ಪುಟ್ಟ ಅಂಗಗಳಿವೆ. ಹಾರುವಾಗ ಅವು ರೆಕ್ಕೆಯ ಲಯಕ್ಕೆ ಎದುರಾಗಿ ಬಡಿದುಕೊಳ್ಳುತ್ತವೆ. ಅವನ್ನು ಕಿತ್ತರೆ ನೊಣ ಹಾರಲಾರದೆ ಉರುಳಿಬೀಳುತ್ತದೆ ಎಂಬುದನ್ನು ಹದಿನೆಂಟನೆಯ ಶತಮಾನದ ಆರಂಭದಲ್ಲೇ ವಿಲಿಯಂ ಡರ್ಹಮ್ ಬರೆದಿಟ್ಟಿದ್ದ. ಅವು ಗೈರೋಸ್ಕೋಪುಗಳಂತೆ ಕೆಲಸ ಮಾಡುತ್ತವೆ ಎಂದು 1938ರಲ್ಲಿ ಫ್ರೆಂಕೆಲ್ ಮತ್ತು ಪ್ರಿಂಗಲ್ ತೋರಿಸಿದರು.

ಇಷ್ಟು ಸೊಗಸಾದ ಏರ್ಪಾಡು ದೇಹದಲ್ಲೇ ಇದ್ದ ಮೇಲೆ ವಿಮಾನ ಹಾರಿಸುವವನಿಗೆ ಇನ್ನೇನು ಬೇಕು ಎಂದು ಕೇಳಬಹುದು. ಆರಂಭದ ವಿಮಾನಚಾಲಕರೂ ಹಾಗೆಯೇ ಭಾವಿಸಿದ್ದರು. ಕುಳಿತ ಆಸನದ ಒತ್ತಡದಿಂದಲೇ ವಿಮಾನದ ನಡೆ ತಿಳಿಯುತ್ತದೆ ಎಂಬುದು ಅವರ ಹೆಮ್ಮೆಯಾಗಿತ್ತು. ಅಂಥವರು ಮೋಡದೊಳಗೆ ಹೊಕ್ಕು ಸುರುಳಿ ಸುತ್ತುತ್ತ ನೆಲಕ್ಕೆ ಬಿದ್ದು ಸಾಯುತ್ತಿದ್ದರು. ಕಾರಣವಿಷ್ಟೆ. ನಾಳದ ದ್ರವ ತಿರುಗುವಿಕೆಯ ಆರಂಭವನ್ನು ಅರಿಯುತ್ತದೆ. ಅದೇ ತಿರುಗುವಿಕೆ ಒಂದೇ ಸಮನೆ ಮುಂದುವರಿದರೆ ಅರ್ಧ ನಿಮಿಷದೊಳಗೆ ದ್ರವವೂ ಜೊತೆಗೂಡಿ ತಿರುಗತೊಡಗುತ್ತದೆ. ಮಿದುಳಿಗೆ ಸುದ್ದಿ ನಿಲ್ಲುತ್ತದೆ. ಇತ್ತ ಹರಳುಗಳಿಗೂ ಮೋಸ: ಸರಿಯಾಗಿ ವಾಲಿ ತಿರುಗುವ ವಿಮಾನದಲ್ಲಿ ಗುರುತ್ವವೂ ತಿರುವಿನ ಸೆಳೆತವೂ ಕೂಡಿ ನೇರವಾಗಿ ನೆಲಹಾಸಿನ ಕಡೆಗೇ ಎಳೆಯುತ್ತವೆ. ಲೋಟದ ನೀರು ಕೂಡ ತುಳುಕುವುದಿಲ್ಲ. ಹೊರಗಿನ ಕ್ಷಿತಿಜ ಕಾಣುವವರೆಗೆ ಕಣ್ಣು ಈ ಮೋಸವನ್ನು ತಿದ್ದುತ್ತಿರುತ್ತದೆ. ಕಣ್ಣಿಗೆ ಮೋಡ ಕಟ್ಟಿತೋ, ದೇಹದ ಇಬ್ಬರು ಸಾಕ್ಷಿಗಳೂ ಒಟ್ಟಾಗಿ ಸುಳ್ಳು ಹೇಳುತ್ತಾರೆ.

ಇದನ್ನು ಮೊದಲು ಮನಗಂಡವರಲ್ಲಿ ಅಮೆರಿಕದ ಸೇನೆಯ ವಿಮಾನಚಾಲಕ ವಿಲಿಯಂ ಆಕರ್ ಒಬ್ಬ. 1926ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ರಿಸಿ ಫೀಲ್ಡಿನಲ್ಲಿ ಡೇವಿಡ್ ಮೈಯರ್ಸ್ ಎಂಬ ಸೇನಾ ವೈದ್ಯ ಅವನನ್ನು ತಿರುಗುವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರಿಸಿದ. ಒಳಗಿವಿಯ ಸಂಶೋಧನೆಗಾಗಿ 1914ರ ನೊಬೆಲ್ ಬಹುಮಾನ ಪಡೆದ ರಾಬರ್ಟ್ ಬಾರಾನಿಯ ಹೆಸರಿನ ಕುರ್ಚಿ ಅದು. ಕುರ್ಚಿ ಸುತ್ತಿತು, ನಿಧಾನವಾಯಿತು, ನಿಂತಿತು. ನಿಂತ ಕುರ್ಚಿಯಲ್ಲಿ ಕುಳಿತು, ಎದುರು ದಿಕ್ಕಿಗೆ ಸುತ್ತುತ್ತಿದ್ದೇನೆ ಎಂದು ಆಕರ್ ಹೇಳಿದ. ವರ್ಷಗಟ್ಟಲೆ ಹಾರಿದ್ದ ತನ್ನ ದೇಹ ತನಗೇ ಸುಳ್ಳು ಹೇಳಿದ್ದನ್ನು ಕಂಡು ಆತ ಸುಮ್ಮನಾಗಲಿಲ್ಲ. ಒಂದು ಪೆಟ್ಟಿಗೆಯಲ್ಲಿ ಗೈರೋಸ್ಕೋಪಿನ ತಿರುವುಸೂಚಕವನ್ನೂ ಸಣ್ಣ ದೀಪವನ್ನೂ ಇಟ್ಟುಕೊಂಡು ಮರಳಿ ಬಂದು, ಅದರೊಳಗೆ ನೋಡುತ್ತ ಕುಳಿತು, ಪ್ರತಿಸಲವೂ ಸರಿಯುತ್ತರ ಕೊಟ್ಟ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ನೋಡಿ ಹಾರುವ ಅಭ್ಯಾಸವಿಲ್ಲದ ಇಪ್ಪತ್ತು ಮಂದಿಯನ್ನು ಹೊರಗಿನ ನೋಟವಿಲ್ಲದಂತೆ ಮಾಡಿ ಪರೀಕ್ಷಿಸಿದರು. ಇಪ್ಪತ್ತು ಮಂದಿಯೂ ವಿಮಾನದ ಹತೋಟಿ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಕಾಲ 178 ಸೆಕೆಂಡು. ಮೂರು ನಿಮಿಷವೂ ಅಲ್ಲ.

ಗೈರೋಸ್ಕೋಪನ್ನು ವಿಮಾನಕ್ಕೆ ತಂದ ಕೀರ್ತಿ ಅಮೆರಿಕದ ಎಲ್ಮರ್ ಸ್ಪೆರಿಯ ಮನೆತನಕ್ಕೆ ಸಲ್ಲಬೇಕು. ಅವನ ಮಗ ಲಾರೆನ್ಸ್ 1914ರ ಜೂನ್ 18ರಂದು ಪ್ಯಾರಿಸಿನ ಸಮೀಪ ಸೀನ್ ನದಿಯ ಮೇಲೆ ನಡೆದ ಸ್ಪರ್ಧೆಯಲ್ಲಿ, ಗೈರೋಸ್ಕೋಪುಗಳಿಂದ ಸ್ಥಿರಗೊಳಿಸಿದ ವಿಮಾನವನ್ನು ಹಾರಿಸಿದ. ಜೊತೆಗಾರ ಮೆಕ್ಯಾನಿಕ್ ಎಮಿಲ್ ಕಷಾಂ ರೆಕ್ಕೆಯ ಮೇಲೆ ಹತ್ತಿ ನಡೆದ. ಲಾರೆನ್ಸ್ ಎರಡೂ ಕೈಗಳನ್ನು ಮೇಲೆತ್ತಿದ. ದಡದಲ್ಲಿದ್ದವರು ಬೆರಗಾಗಿ ನೋಡುತ್ತಿರಲು ವಿಮಾನ ತಾನಾಗಿಯೇ ಮಟ್ಟಸವಾಗಿ ಸಾಗಿತು. ಐವತ್ತು ಸಾವಿರ ಫ್ರ್ಯಾಂಕುಗಳ ಬಹುಮಾನ ಅವನಿಗೆ ದಕ್ಕಿತು. 1923ರ ಡಿಸೆಂಬರಿನಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಲು ಹೊರಟ ಅದೇ ಲಾರೆನ್ಸ್ ಸಮುದ್ರಕ್ಕೆ ಬಿದ್ದು ತೀರಿಕೊಂಡ. ಸರ್ಸನ್ ಮುಳುಗಿದ್ದೂ ಅದೇ ನೀರಿನಲ್ಲಿ.

ಕೆಲಸ ಮುಂದುವರಿಯಿತು. ಅಮೆರಿಕದ ಜೇಮ್ಸ್ ಡೂಲಿಟ್ಲ್ ಎಂಬ ವಿಮಾನಚಾಲಕನಿಗೆ, ವಿಮಾನ ಎಷ್ಟು ವಾಲಿದೆ ಎಂಬುದನ್ನು ಒಂದೇ ನೋಟಕ್ಕೆ ತೋರಿಸುವ ಉಪಕರಣ ಬೇಕಾಗಿತ್ತು. ಎಲ್ಮರ್ ಸ್ಪೆರಿ ಅದನ್ನು ತನ್ನ ಇನ್ನೊಬ್ಬ ಮಗ ಕಿರಿಯ ಎಲ್ಮರನಿಗೆ ಒಪ್ಪಿಸಿದ. ಹೀಗೆ ಹುಟ್ಟಿದ್ದು ವಿಮಾನದ ಕೃತಕ ಕ್ಷಿತಿಜ: ಪುಟ್ಟ ಗಾಜಿನ ಹಿಂದೆ ಅಡ್ಡಲಾಗಿ ಒಂದು ಗೆರೆ, ಅದರ ಮುಂದೆ ವಿಮಾನದ ಒಂದು ಚಿಕ್ಕ ಆಕೃತಿ. 1929ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಮಿಚೆಲ್ ಫೀಲ್ಡಿನಲ್ಲಿ ಡೂಲಿಟ್ಲ್ ತನ್ನ ಆಸನಕ್ಕೆ ಪೂರ್ತಿ ಮುಸುಕು ಹಾಕಿಸಿಕೊಂಡು, ಹೊರಗಿನ ಲೋಕದ ಒಂದು ಚೂರನ್ನೂ ನೋಡದೆ, ವಿಮಾನವನ್ನು ಮೇಲೇರಿಸಿ, ತಿರುಗಿಸಿ, ಮತ್ತೆ ಅದೇ ನೆಲಕ್ಕೆ ಇಳಿಸಿದ. ಅಪಾಯವಾದೀತೆಂದು ಮುಂದಿನ ಆಸನದಲ್ಲಿ ಬೆನ್ ಕೆಲ್ಸಿ ಕುಳಿತಿದ್ದನಾದರೂ ಅವನು ಕೈ ಹಾಕಬೇಕಾಗಿ ಬರಲಿಲ್ಲ. ಹಾರಾಟ ನಡೆದದ್ದು ಕಾಲು ಗಂಟೆಯಷ್ಟು. ಮೋಡವನ್ನು ಕಂಡರೆ ಹಿಂದಿರುಗಬೇಕಾಗಿದ್ದ ವಿಮಾನಯಾನ ಅಂದಿನಿಂದ ಮೋಡದೊಳಗೆ ನಡೆಯಲು ಕಲಿಯಿತು.

ಈ ಉಪಕರಣದ ಒಡಲನ್ನು ಸ್ವಲ್ಪ ತೆರೆದು ನೋಡುವುದು ಒಳ್ಳೆಯದು. ಸ್ಪೆರಿ ಮಾದರಿಯ ಗಾಳಿಚಾಲಿತ ಕ್ಷಿತಿಜದಲ್ಲಿ ಗಾಳಿಯ ಸೆಳವಿನಿಂದ ಒಂದು ಬುಗುರಿ ರಭಸವಾಗಿ ತಿರುಗುತ್ತಿರುತ್ತದೆ. ಆ ಗಾಳಿ ಹೊರಹೋಗುವ ನಾಲ್ಕು ಕಿಂಡಿಗಳ ಮುಂದೆ ಸಣ್ಣ ತಗಡಿನ ರೆಪ್ಪೆಗಳು ತೂಗುಬಿದ್ದಿವೆ. ಬುಗುರಿ ನೆಟ್ಟಗಿದ್ದಾಗ ನಾಲ್ಕು ಕಿಂಡಿಗಳಿಂದಲೂ ಗಾಳಿ ಸಮವಾಗಿ ಹೋಗುತ್ತದೆ. ಬುಗುರಿ ಕೊಂಚ ಓಲಿದರೆ ರೆಪ್ಪೆಗಳು ಜೋತು, ಒಂದು ಕಿಂಡಿ ತೆರೆದು ಎದುರಿನದು ಮುಚ್ಚುತ್ತದೆ. ಗಾಳಿಯ ಒತ್ತು ವ್ಯತ್ಯಾಸಗೊಂಡು ಬುಗುರಿಯನ್ನು ಮೆಲ್ಲಗೆ ನೆಟ್ಟಗೆ ತರುತ್ತದೆ. ಈ ರೆಪ್ಪೆಗಳೆಂದರೆ ನಾಲ್ಕು ತೂಕದ ಗುಂಡುಗಳೇ. ತಿದ್ದುವ ಕೆಲಸ ನಡೆಯುವುದು ನಿಮಿಷಕ್ಕೆ ಕೆಲವೇ ಡಿಗ್ರಿಗಳಂತೆ. ಅಷ್ಟು ನಿಧಾನವೇಕೆ ಎಂದರೆ, ವಿಮಾನ ಅರೆಗಳಿಗೆ ತಿರುಗುವಾಗ ಗುಂಡುಗಳು ಹೇಳುವ ಸುಳ್ಳನ್ನು ಬುಗುರಿ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ದೀರ್ಘಕಾಲದ ಮೇಲೆ ಅವು ಹೇಳುವ ಸತ್ಯವನ್ನು ಮಾತ್ರ ಕೇಳಬೇಕು. ಕ್ಷಣದ ಮಟ್ಟಿಗೆ ಬುಗುರಿಯ ಮಾತು, ಕಾಲದ ಮಟ್ಟಿಗೆ ಗುಂಡಿನ ಮಾತು. ಇಡೀ ವಿದ್ಯೆಯ ಸಾರ ಇಷ್ಟೇ. 1923ರಲ್ಲಿ ಜರ್ಮನಿಯ ಮಾಕ್ಸ್ ಶೂಲರ್ ಇದರ ಗಣಿತದ ಎಲ್ಲೆಯನ್ನೇ ತೋರಿಸಿದ: ಭೂಮಿಯ ತ್ರಿಜ್ಯದಷ್ಟು ಉದ್ದದ ದಾರವುಳ್ಳ, 84.4 ನಿಮಿಷಕ್ಕೊಮ್ಮೆ ತೂಗುವ ಲೋಲಕವೊಂದಿದ್ದರೆ ವಾಹನದ ಯಾವ ಚಲನೆಯೂ ಅದನ್ನು ದಾರಿ ತಪ್ಪಿಸಲಾರದು ಎಂದು. ಅಂಥ ದಾರವನ್ನು ಯಾರೂ ಕಟ್ಟಲಾರರು. ಆದರೆ ಗೈರೋಸ್ಕೋಪುಗಳನ್ನು ಜೋಡಿಸಿ ಅದರ ನಡತೆಯನ್ನು ಅನುಕರಿಸಬಹುದು. ಹಡಗು ವಿಮಾನಗಳ ಜಡತ್ವ ಸಂಚಲನ ಯಂತ್ರಗಳು ಆ ಸೂತ್ರವನ್ನೇ ಹಿಡಿದು ನಡೆದವು.

ಉಪಕರಣ ಬಂದ ಮಾತ್ರಕ್ಕೆ ಕಥೆ ಮುಗಿಯಲಿಲ್ಲ. 1978ರ ಜನವರಿ 1ರ ರಾತ್ರಿ ಮುಂಬಯಿಯ ಸಾಂತಾಕ್ರೂಜ್ ನಿಲ್ದಾಣದಿಂದ ಏರ್ ಇಂಡಿಯಾದ 'ಎಂಪರರ್ ಅಶೋಕ' ಎಂಬ ಬೋಯಿಂಗ್ 747 ವಿಮಾನ ದುಬೈಗೆ ಹೊರಟಿತು. ಒಳಗೆ 190 ಮಂದಿ ಪ್ರಯಾಣಿಕರು, 23 ಮಂದಿ ಸಿಬ್ಬಂದಿ. ವಿಮಾನ ಸಮುದ್ರದ ಮೇಲೆ ಬಲಕ್ಕೆ ತಿರುಗಿ ಮತ್ತೆ ಸಮಸ್ಥಿತಿಗೆ ಬಂತು. ಆದರೆ ಕ್ಯಾಪ್ಟನರ ಮುಂದಿದ್ದ ಕೃತಕ ಕ್ಷಿತಿಜ ಕೆಟ್ಟು, ವಿಮಾನ ಇನ್ನೂ ಬಲಕ್ಕೆ ವಾಲಿದೆ ಎಂದೇ ತೋರಿಸುತ್ತಿತ್ತು. ಕೆಳಗೆ ಕಪ್ಪು ಸಮುದ್ರ, ಮೇಲೆ ಕಪ್ಪು ಆಕಾಶ; ನಿಜವಾದ ಕ್ಷಿತಿಜ ಎಲ್ಲಿಯೂ ಇಲ್ಲ. ಅವರು ವಿಮಾನವನ್ನು ಎಡಕ್ಕೆ ವಾಲಿಸಿದರು, ಉಪಕರಣ ಒಪ್ಪಲಿಲ್ಲ, ಇನ್ನಷ್ಟು ವಾಲಿಸಿದರು. ನೆಟ್ಟಗಿದ್ದ ವಿಮಾನ ತೊಂಬತ್ತು ಡಿಗ್ರಿಗಳನ್ನೂ ಮೀರಿ ಹೊರಳಿತು. ನೆಲ ಬಿಟ್ಟ ಎರಡು ನಿಮಿಷದೊಳಗೆ ಅದು ಬಾಂದ್ರಾದ ಆಚೆ ಅರಬ್ಬೀ ಸಮುದ್ರಕ್ಕೆ ಬಿತ್ತು. 213 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಆ ವಿಮಾನದಲ್ಲಿ ವಾಲಿಕೆಯನ್ನು ತೋರಿಸುವ ಉಪಕರಣ ಒಂದೇ ಇರಲಿಲ್ಲ. ಸಹಚಾಲಕರ ಮುಂದೆ ಇನ್ನೊಂದು, ನಡುವೆ ಆಪತ್ತಿಗೆಂದು ಮೂರನೆಯದೊಂದು ಇದ್ದವು. ಬೇರೆ ಉಪಕರಣಗಳ ನೆರವಿನಿಂದ ವಿಮಾನವನ್ನು ಹತೋಟಿಗೆ ತರಲು ಅವರಿಗೆ ಆಗಲಿಲ್ಲ ಎಂಬುದು ತನಿಖೆಯ ನಿರ್ಣಯ. ಕೆಲವೇ ಸೆಕೆಂಡುಗಳ ಕತ್ತಲೆಯಲ್ಲಿ ಯಾವ ಸಾಕ್ಷಿ ಸುಳ್ಳು, ಯಾವುದು ನಿಜ ಎಂದು ತೀರ್ಮಾನಿಸಬೇಕಾಗಿ ಬಂದ ಆ ಅನುಭವಿಗಳನ್ನು ಬೆಚ್ಚಗಿನ ಕೋಣೆಯಲ್ಲಿ ಕುಳಿತು ದೂರುವುದು ಸುಲಭ. ದೂರುವ ಬದಲು ಅರಿಯಬೇಕಾದದ್ದು ಬೇರೆ. ಹಲವು ಸಾಕ್ಷಿಗಳಿದ್ದರೆ ಸಾಲದು. ಅವು ಜಗಳವಾಡಿದಾಗ ತೀರ್ಪು ಕೊಡುವ ವಿವೇಕವನ್ನು ಮುಂಚಿತವಾಗಿಯೇ ಕಲಿತಿರಬೇಕು. ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ವೈದ್ಯಕೀಯ ಸಂಸ್ಥೆಯಲ್ಲಿ ವಿಮಾನಚಾಲಕರನ್ನು ತಿರುಗುವ ಯಂತ್ರದಲ್ಲಿ ಕೂರಿಸಿ, ಅವರ ಒಳಗಿವಿ ಹೇಗೆ ಮೋಸಹೋಗುತ್ತದೆ ಎಂಬುದನ್ನು ಅವರಿಗೇ ಮನಗಾಣಿಸುತ್ತಾರೆ. ನಂಬುವ ಮೊದಲು ಅನುಮಾನಿಸಲು ಕಲಿಸುವ ಪಾಠಶಾಲೆ ಅದು.

ಇನ್ನು ನಮ್ಮ ಕಾಲಕ್ಕೆ ಬರೋಣ. ಒಂದು ಕಾಲಕ್ಕೆ ಪೆಟ್ಟಿಗೆಯಷ್ಟಿದ್ದ ಈ ಯಂತ್ರಗಳು ಇಂದು ಅಂಗಿಯ ಜೇಬಿನಲ್ಲಿರುವ ಫೋನಿನೊಳಗೆ, ಅಕ್ಕಿಕಾಳಿನಷ್ಟೇ ಜಾಗದಲ್ಲಿ ಕುಳಿತಿವೆ. ಸಿಲಿಕಾನ್ ಹರಳಿನಲ್ಲಿ, ತಲೆಗೂದಲಿಗಿಂತ ತೆಳುವಾದ ಸ್ಪ್ರಿಂಗುಗಳ ಮೇಲೆ ಒಂದು ಕಣವನ್ನು ತೂಗಿಬಿಟ್ಟಿರುತ್ತಾರೆ. ಫೋನು ಓರೆಯಾದರೆ ಕಣ ಜರುಗುತ್ತದೆ. ಆ ಜರುಗುವಿಕೆಯನ್ನು ವಿದ್ಯುತ್ತಿನಿಂದ ಅಳೆಯುತ್ತಾರೆ. ಇದೇ ವೇಗೋತ್ಕರ್ಷಮಾಪಕ, ನಮ್ಮ ಹಳೆಯ ತೂಕದ ಗುಂಡು. ಒಂದು ಡಿಗ್ರಿ ಓರೆಯಾದರೆ ಅದಕ್ಕೆ ತಾಕುವ ಪಕ್ಕದ ಸೆಳೆತ ಗುರುತ್ವದ 57ರಲ್ಲಿ ಒಂದು ಪಾಲು. 1990ರ ದಶಕದಲ್ಲಿ ಮೋಟಾರು ಕಾರುಗಳಲ್ಲಿ ಅಪಘಾತದ ಕ್ಷಣಕ್ಕೆ ಗಾಳಿಚೀಲವನ್ನು ಉಬ್ಬಿಸಲೆಂದು ಇವು ಬಳಕೆಗೆ ಬಂದು, ಅಲ್ಲಿಂದ ಆಟಿಕೆಗಳಿಗೆ, ಫೋನುಗಳಿಗೆ ಹರಡಿದವು. 2007ರ ಐಫೋನಿನಲ್ಲಿ ಗುಂಡು ಮಾತ್ರ ಇತ್ತು. 2010ರದರಲ್ಲಿ ಬುಗುರಿಯೂ ಸೇರಿತು. ಆದರೆ ಈ ಬುಗುರಿ ತಿರುಗುವುದಿಲ್ಲ. ನೊಣದ ಕಡ್ಡಿಗಳಂತೆ ಸೆಕೆಂಡಿಗೆ ಸಾವಿರಾರು ಸಲ ಕಂಪಿಸುತ್ತದೆ. ಫೋನು ತಿರುಗಿದಾಗ, 1835ರಲ್ಲಿ ಕೊರಿಯೊಲಿ ವಿವರಿಸಿದ ಬಲಕ್ಕೆ ಸಿಕ್ಕಿ ಆ ಕಂಪನ ಪಕ್ಕಕ್ಕೆ ಸರಿಯುತ್ತದೆ. ಆ ಸರಿತದಿಂದ ತಿರುಗಿದ ವೇಗ ತಿಳಿಯುತ್ತದೆ.

ಹೊಸ ರೂಪ ತಳೆದರೂ ಹಳೆಯ ಕೊರತೆಗಳು ಇವುಗಳನ್ನು ಬಿಟ್ಟಿಲ್ಲ. ಕೈ ನಡುಗಿದರೆ ಗುಂಡು ಸುಳ್ಳಾಡುತ್ತದೆ. ಬುಗುರಿ ಹೇಳುವುದು ವೇಗವನ್ನಾದ್ದರಿಂದ ಕೋನ ಬೇಕಾದರೆ ಕ್ಷಣಕ್ಷಣದ ಲೆಕ್ಕವನ್ನು ಕೂಡಿಸುತ್ತಲೇ ಹೋಗಬೇಕು. ಸೆಕೆಂಡಿಗೆ ಒಂದು ಡಿಗ್ರಿಯ ನೂರರಲ್ಲೊಂದು ಪಾಲಿನಷ್ಟು ತಪ್ಪಿದ್ದರೂ ಗಂಟೆಯೊಂದರಲ್ಲಿ ಅದು 36 ಡಿಗ್ರಿಯಾಗುತ್ತದೆ. ದಿನದ ಜಮಾಖರ್ಚಿನಲ್ಲಿ ಒಂದು ಕಾಸು ಬಿಟ್ಟವನಿಗೆ ವರ್ಷದ ಕೊನೆಗೆ ಲೆಕ್ಕ ಕೂಡದಿರುವಂತೆ. ಇದಕ್ಕೆ ಇಂದಿನವರು ಮಾಡುವ ಮದ್ದು ಸ್ಪೆರಿಯ ರೆಪ್ಪೆಗಳದೇ ಮದ್ದು. ಪ್ರತಿ ಕ್ಷಣವೂ ಬುಗುರಿಯ ಮಾತಿಗೆ ನೂರಕ್ಕೆ 98ರಷ್ಟು ಬೆಲೆ ಕೊಟ್ಟು, ಗುಂಡಿನ ಮಾತಿಗೆ ಉಳಿದ 2ರಷ್ಟು ಬೆಲೆ ಕೊಟ್ಟು ಕೂಡಿಸುವುದು ಒಂದು ಸಾಮಾನ್ಯ ಕ್ರಮ. ಆ ಎರಡು ಪಾಲು ಕ್ಷಣದಲ್ಲಿ ಏನೂ ಅಲ್ಲ. ಆದರೆ ಮತ್ತೆ ಮತ್ತೆ ಬಂದು ಅದು ಬುಗುರಿಯ ಮರೆವನ್ನು ತಿದ್ದುತ್ತದೆ. ಯಾರನ್ನು ಎಷ್ಟು ನಂಬಬೇಕೆಂಬುದನ್ನು ಸಂದರ್ಭಕ್ಕೆ ತಕ್ಕಂತೆ ಬದಲಿಸುತ್ತ ಹೋಗುವ ಇನ್ನೂ ಸೂಕ್ಷ್ಮವಾದ ಗಣಿತವನ್ನು, ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ರುಡಾಲ್ಫ್ ಕಾಲ್ಮನ್ 1960ರಲ್ಲಿ ಕೊಟ್ಟ. ಚಂದ್ರನಿಗೆ ಹೋದ ಅಪೊಲೊ ನೌಕೆಗಳ ದಾರಿಯ ಲೆಕ್ಕಕ್ಕೂ ಆ ಗಣಿತ ಒದಗಿತು. ಇಷ್ಟಾದರೂ ಗುಂಡು ಬುಗುರಿಗಳೆರಡೂ ಸೇರಿ ಉತ್ತರ ದಿಕ್ಕು ಯಾವುದೆಂದು ಫೋನಿಗೆ ಹೇಳಲಾರವು. ಅದಕ್ಕೆ ದಿಕ್ಸೂಚಿಯೆಂಬ ಮೂರನೆಯ ಸಾಕ್ಷಿಯನ್ನು ಕರೆಯಬೇಕು.

ನಿಜವನ್ನು ಹೇಳುವ ಒಂದೇ ಒಂದು ಯಂತ್ರ ಸಿಕ್ಕೀತೆಂದು ಮನುಷ್ಯ ಬಹುಕಾಲ ಹುಡುಕಿದ. ಅಂಥದು ಸಿಕ್ಕಲಿಲ್ಲ. ಸಿಕ್ಕದ್ದು, ಬೇರೆಬೇರೆ ಬಗೆಯಲ್ಲಿ ತಪ್ಪು ಮಾಡುವ ಇಬ್ಬರು ಮೂವರು ಸಾಕ್ಷಿಗಳು ಮಾತ್ರ. ಒಬ್ಬನ ತಪ್ಪು ಅವಸರದ್ದು, ಇನ್ನೊಬ್ಬನದು ಮರೆವಿನದು. ಯಾರು ಯಾವಾಗ ತಪ್ಪುತ್ತಾರೆಂಬುದನ್ನು ಬಲ್ಲವನಿಗೆ ಆ ಅಪೂರ್ಣ ಸಾಕ್ಷಿಗಳೇ ಸಾಕು. ಅವರ ನಡುವಿನಿಂದ ಆತ ನೆಟ್ಟಗಿನ ಗೆರೆಯನ್ನು ಹೊರತೆಗೆಯಬಲ್ಲ. ಮಿಚೆಲ್ ಫೀಲ್ಡಿನ ಮುಸುಕಿನೊಳಗೆ ಕುಳಿತಿದ್ದವನನ್ನು ನೆಲಕ್ಕೆ ಮುಟ್ಟಿಸಿದ್ದು ಈ ಅರಿವು. ಅದು ಒದಗದ ರಾತ್ರಿ ಬಾಂದ್ರಾದ ಸಮುದ್ರದಲ್ಲಿ 213 ಜೀವಗಳು ಹೋದವು. ಮೇಲೆ ಯಾವುದು, ಕೆಳಗೆ ಯಾವುದು ಎಂಬಷ್ಟು ಸರಳವಾದ ಮಾತನ್ನೂ ಒಬ್ಬನ ಬಾಯಿಂದಷ್ಟೇ ಕೇಳಿ ನಂಬಬಾರದೆಂಬುದೇ ಈ ಇನ್ನೂರು ವರ್ಷಗಳ ಕಲಿಕೆ.